‘ರೀಡ್’ ಎಂಬ ಕ್ರಿಯಾಪದ

(ಶಾಲಾ ವಾರ್ಷಿಕೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ಫಲಿತಾಂಶ, ಕಟ್ಟಡದ ಕೆಲಸ, ದಾನಿಗಳ ಉಪಕಾರ ಇವೆಲ್ಲವನ್ನೂ ಕಾರ್ಯದರ್ಶಿಗಳ ವರದಿಯಲ್ಲಿ ತಾವು ಈಗಾಗಲೇ ಕೇಳಿದ್ದೀರಿ. ಅದನ್ನೇ ಮತ್ತೆ ಹೇಳಿ ತಮ್ಮ ಹೊತ್ತನ್ನು ಕಳೆಯುವುದು ಉಚಿತವಲ್ಲ. ಆದುದರಿಂದ ನಾವು ಇಂದು ಒಂದು ಸಣ್ಣ ವಿಷಯವನ್ನು ಎತ್ತಿಕೊಂಡಿದ್ದೇವೆ. ಅದು ಇಂಗ್ಲಿಷಿನ ಒಂದು ಕ್ರಿಯಾಪದ. ಅದಕ್ಕಿರುವುದು ನಾಲ್ಕೇ ಅಕ್ಷರಗಳು: ಆರ್, ಇ, ಎ, ಡಿ. ‘ರೀಡ್’ ಎಂದು ನಮ್ಮ ಚಿಕ್ಕ ಮಕ್ಕಳೂ ಬಲ್ಲರು. ‘ಓದು’ ಎಂದು ಅರ್ಥವನ್ನೂ ಹೇಳಬಲ್ಲರು. ಕನ್ನಡ ಶಾಲೆಯ ಉತ್ಸವದಲ್ಲಿ ಇಂಗ್ಲಿಷ್ ಪಾಠವೇತಕ್ಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಅದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ನಿವೇದಿಸಿಕೊಳ್ಳುತ್ತೇವೆ. ಅದರಲ್ಲಿ ನಮ್ಮದೇ ತಪ್ಪಿದೆ.

ಕಾಸರಗೋಡಿನ ಈ ಗಡಿನಾಡಿನಲ್ಲಿ ನಮ್ಮ ಮನೆಗಳಿಗೆ ಬರುವ ಕಾಗದಗಳು ಒಂದೇ ಭಾಷೆಯಲ್ಲಿ ಇರುವುದಿಲ್ಲವೆಂಬುದು ತಮಗೆಲ್ಲ ಗೊತ್ತಿದೆ. ಕೆಲವು ಕನ್ನಡದಲ್ಲಿ, ಕೆಲವು ಮಲೆಯಾಳದಲ್ಲಿ, ಕೆಲವು ಇಂಗ್ಲಿಷಿನಲ್ಲಿ. ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಮನೆಗೆ ಅಂತಹ ಒಂದು ಇಂಗ್ಲಿಷ್ ಕಾಗದ ಬಂದಿತು. ಅಡಿಕೆ ತೋಟಕ್ಕಾಗಿ ತಂದೆ ಮಾಡಿದ್ದ ಸಾಲಕ್ಕೆ ಸಂಬಂಧಿಸಿದ್ದು. ಹುಡುಗನು ಜಗಲಿಯಲ್ಲಿ ಕುಳಿತು ಅದನ್ನು ಮೊದಲಿನಿಂದ ಕೊನೆಯ ತನಕ ಒಂದೂ ತಪ್ಪಿಲ್ಲದೆ ಗಟ್ಟಿಯಾಗಿ ಓದಿದನು. ತಾಯಿ ಬಾಗಿಲಲ್ಲಿ ನಿಂತು ಕೇಳಿ ಸಂತೋಷಪಟ್ಟರು. “ಏನು ಬರೆದಿದ್ದಾರೆ ಮಗಾ?” ಎಂದು ತಂದೆ ಕೇಳಿದಾಗ, “ಯಾರೋ ಫೇಲಾದ ವಿಷಯ ಇದೆ ಅಪ್ಪ, ನಮಗೆ ಸಂಬಂಧ ಇಲ್ಲ ಅಂತ ಕಾಣುತ್ತದೆ” ಎಂದನು. ಕಾಗದವನ್ನು ಮಡಚಿ ಮಾಡಿನ ಸಂದಿಗೆ ಸಿಕ್ಕಿಸಿದರು.

ಅದಾಗಿ ಮೂರು ವಾರಗಳ ಮೇಲೆ ಬೇರಾವುದೋ ಕೆಲಸಕ್ಕೆ ಶಾಲೆಗೆ ಬಂದ ಆ ತಂದೆ, “ಮಾಷ್ಟ್ರೇ, ಇದೊಂದು ನೋಡಿ” ಎಂದು ಕಾಗದವನ್ನು ನಮ್ಮ ಮುಂದಿಟ್ಟರು. ಹದಿನೈದು ದಿನಗಳೊಳಗೆ ಒಂದು ದಾಖಲೆಯನ್ನು ತಂದು ತೋರಿಸಬೇಕು, ‘ಫೇಲಿಂಗ್ ವಿಚ್’, ಎಂದರೆ ತಪ್ಪಿದಲ್ಲಿ, ಬಡ್ಡಿಯ ರಿಯಾಯಿತಿ ಸಿಗಲಾರದು ಎಂದು ಅದರಲ್ಲಿತ್ತು. ಗಡುವು ಮುಗಿದು ಆರು ದಿನಗಳಾಗಿದ್ದವು. ನಾವೂ ಜತೆಯಲ್ಲಿ ಹೋಗಿ ವಿನಂತಿಸಿದೆವು, ಪ್ರಯೋಜನವಾಗಲಿಲ್ಲ. ಆ ವರ್ಷದ ಅಡಿಕೆಯ ಹಣದಲ್ಲಿ ದೊಡ್ಡದೊಂದು ಪಾಲು ಬಡ್ಡಿಗೆ ಹೋಯಿತು.

ಹುಡುಗನನ್ನು ಗದರಿಸಲು ನಮಗೆ ಬಾಯಿ ಬರಲಿಲ್ಲ. ಏತಕ್ಕೆಂದರೆ ಅದೇ ವರ್ಷ ಇಂಗ್ಲಿಷ್ ವಾಚನ ಸ್ಪರ್ಧೆಯಲ್ಲಿ ಅವನಿಗೆ ಪ್ರಥಮ ಬಹುಮಾನವನ್ನು ಇದೇ ವೇದಿಕೆಯಲ್ಲಿ ನಾವು ಕೈಯಾರೆ ಕೊಟ್ಟಿದ್ದೆವು. ‘ಚೆನ್ನಾಗಿ ಓದುತ್ತಾನೆ’ ಎಂದು ಪ್ರಶಸ್ತಿಪತ್ರದಲ್ಲಿ ಬರೆದು ಸಹಿ ಹಾಕಿದವರೂ ನಾವೇ. ಆ ದಿನ ರಾತ್ರಿ ನಿಘಂಟನ್ನು ತೆರೆದು, ‘ರೀಡ್’ ಎಂದರೆ ನಿಜವಾಗಿ ಏನು ಎಂದು ಹುಡುಕಲು ತೊಡಗಿದೆವು. ಆ ಹುಡುಕಾಟದ ಫಲವನ್ನೇ ಇಂದು ತಮ್ಮ ಮುಂದಿಡುತ್ತಿದ್ದೇವೆ.

ಮೊದಲು ಈ ಪದದ ಇಂದಿನ ಅರ್ಥಗಳನ್ನು ನೋಡೋಣ. ಪುಸ್ತಕವನ್ನು ಓದುವುದು ‘ರೀಡ್’. ಇದು ಎಲ್ಲರಿಗೂ ತಿಳಿದದ್ದು. ಒಂದು ವಿಷಯವನ್ನು ವ್ಯಾಸಂಗ ಮಾಡುವುದೂ ‘ರೀಡ್’. ‘ಅವನು ಕಾನೂನು ಓದಿದ್ದಾನೆ’ ಎಂದು ನಾವು ಹೇಳುವಂತೆಯೇ ಇಂಗ್ಲಿಷರೂ ಹೇಳುತ್ತಾರೆ. ಜ್ವರ ಬಂದಾಗ ಉಷ್ಣಮಾಪಕವು ಇಷ್ಟು ಡಿಗ್ರಿಯನ್ನು ‘ರೀಡ್’ ಮಾಡುತ್ತದೆ. ಇಲ್ಲಿ ಓದುವುದು ಯಂತ್ರ, ಎಂದರೆ ಯಂತ್ರವು ತೋರಿಸುತ್ತದೆ ಎಂದರ್ಥ. ಮನೆಯ ಗೋಡೆಯ ಮೇಲಿರುವ ವಿದ್ಯುತ್ ಮೀಟರಿನ ‘ರೀಡಿಂಗ್’ ಎಂಬ ಮಾತನ್ನು ಶಾಲೆಗೆ ಹೋಗದ ಅಜ್ಜಿಯಂದಿರೂ ಬಳಸುತ್ತಾರೆ. ಕಿವಿ ಕೇಳದವರು ಎದುರಿಗಿರುವವರ ತುಟಿಯ ಚಲನೆಯಿಂದ ಮಾತನ್ನು ತಿಳಿಯುವುದು ‘ರೀಡ್’. ಮುಖವನ್ನು ನೋಡಿ ಮನಸ್ಸನ್ನು ಅರಿಯುವುದು ‘ರೀಡ್’. ಕೈರೇಖೆ ನೋಡಿ ಭವಿಷ್ಯ ಹೇಳುವುದೂ ‘ರೀಡ್’. ಬರೆದ ಸಾಲುಗಳ ನಡುವೆ ಬರೆಯದೆ ಬಿಟ್ಟ ಅಭಿಪ್ರಾಯವನ್ನು ಹಿಡಿಯುವುದೂ ‘ರೀಡ್’.

ನಮ್ಮ ಸಂಸತ್ತಿನಲ್ಲಿ ಒಂದು ವಿಧೇಯಕವು ಕಾಯಿದೆಯಾಗಬೇಕಾದರೆ ಪ್ರತಿಯೊಂದು ಸದನದಲ್ಲಿಯೂ ಮೂರು ‘ರೀಡಿಂಗು’ಗಳನ್ನು ದಾಟಬೇಕು. ಮೊದಲನೆಯದು ಮಂಡನೆ, ಎರಡನೆಯದು ಪರ್ಯಾಲೋಚನೆ, ಮೂರನೆಯದು ಅಂಗೀಕಾರ. ಮುದ್ರಿತ ಪ್ರತಿಗಳು ಎಲ್ಲರ ಕೈಗೂ ದೊರೆಯುವುದಕ್ಕೆ ಮೊದಲು ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ವಿಧೇಯಕವನ್ನು ಸದಸ್ಯರ ಮುಂದೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಇಂದು ಹಾಗೆ ಪೂರ್ತಿಯಾಗಿ ಓದುವುದಿಲ್ಲ. ಹೆಸರು ಮಾತ್ರ ಉಳಿದಿದೆ. ಸಭೆ ಸಂಘಗಳಲ್ಲಿ ಇನ್ನೊಂದು ಪದ್ಧತಿಯುಂಟು. ಹಿಂದಿನ ಸಭೆಯ ನಡವಳಿಯನ್ನು ಓದುವ ಬದಲಿಗೆ ‘ಓದಲಾಗಿದೆಯೆಂದು ಭಾವಿಸಿ’ ಮುಂದೆ ಸಾಗುವುದು. ನಮ್ಮ ಸಂಘದ ಮಹಾಸಭೆಯಲ್ಲಿಯೂ ಊಟದ ಹೊತ್ತು ಸಮೀಪಿಸಿದಾಗ ಈ ಪದ್ಧತಿಗೆ ಒಳ್ಳೆಯ ಬೆಂಬಲ ಸಿಗುತ್ತದೆ. ಅದಿರಲಿ. ಓದದೆಯೇ ಓದಿದೆನೆಂದು ಭಾವಿಸುವುದು ಸಭೆಗೆ ಅನುಕೂಲವಾದೀತು, ವಿದ್ಯಾರ್ಥಿಗೆ ಕೂಡದು.

ಇಷ್ಟೊಂದು ಅರ್ಥಗಳಲ್ಲಿ ಸಮಾನವಾದ ಅಂಶ ಯಾವುದು? ತುಟಿಗೆ ಅಕ್ಷರವಿಲ್ಲ, ಮುಖಕ್ಕೆ ವ್ಯಾಕರಣವಿಲ್ಲ. ಆದರೂ ಅಲ್ಲೆಲ್ಲ ಒಂದು ಗುರುತು ಕಣ್ಣಿಗೆ ಕಾಣುತ್ತದೆ. ಅದರ ಹಿಂದೆ ಕಾಣದ ಅಭಿಪ್ರಾಯವೊಂದು ಇರುತ್ತದೆ. ಕಂಡದ್ದರಿಂದ ಕಾಣದ್ದನ್ನು ತಿಳಿಯುವುದೇ ‘ರೀಡ್’. ಹಾಗಾದರೆ ಈ ಪದವು ಪುಸ್ತಕದಿಂದ ಹೊರಟು ಮುಖದ ಕಡೆಗೆ ಹೋಯಿತೆ, ಅಥವಾ ಅದರ ಹುಟ್ಟಿನಲ್ಲಿಯೇ ಈ ಗುಣವಿತ್ತೆ? ಇದನ್ನು ತಿಳಿಯಬೇಕಾದರೆ ನಾವು ಒಂದು ಸಾವಿರ ವರ್ಷಕ್ಕೂ ಹಿಂದೆ ಹೋಗಬೇಕು.

ಹೋಗುವ ಮೊದಲು ವಿದ್ಯಾರ್ಥಿಗಳಿಗೆ ಉಚ್ಚಾರಣೆಯ ವಿಷಯವಾಗಿ ಒಂದು ಮಾತು. ಈ ಕ್ರಿಯಾಪದದ ವರ್ತಮಾನ ರೂಪಕ್ಕೂ ಭೂತ ರೂಪಕ್ಕೂ ಕಾಗುಣಿತ ಒಂದೇ. ಉಚ್ಚಾರ ಮಾತ್ರ ಬೇರೆ. ವರ್ತಮಾನದಲ್ಲಿ ‘ರೀಡ್’, ಭೂತಕಾಲದಲ್ಲಿ ‘ರೆಡ್’, ಕೆಂಪು ಬಣ್ಣದ ಹೆಸರಿನಂತೆ. ಹಳೆಯ ಇಂಗ್ಲಿಷಿನಲ್ಲಿ ಇದರ ಭೂತ ರೂಪದಲ್ಲಿ ‘ಡ’ಕಾರಕ್ಕೆ ಒತ್ತು ಇತ್ತು. ಕಾಲಕ್ರಮದಲ್ಲಿ ಒತ್ತಕ್ಷರದ ಹಿಂದಿನ ದೀರ್ಘಸ್ವರವು ಹ್ರಸ್ವವಾಯಿತು. ಒತ್ತಿಲ್ಲದ ವರ್ತಮಾನ ರೂಪದಲ್ಲಿ ದೀರ್ಘವಾಗಿಯೇ ಉಳಿಯಿತು. ಪರೀಕ್ಷೆಯಲ್ಲಿ ಸಂದೇಹ ಬಂದರೆ ಕರ್ತೃವನ್ನು ನೋಡಿರಿ. ‘ಹೀ’ ಅಥವಾ ‘ಶೀ’ ಎಂಬುದರ ಮುಂದೆ ನೇರವಾಗಿ ಈ ಕ್ರಿಯಾಪದ ಬಂದು, ಕೊನೆಯಲ್ಲಿ ‘ಎಸ್’ ಇಲ್ಲದಿದ್ದರೆ, ಸಾಮಾನ್ಯವಾಗಿ ಅದು ಭೂತಕಾಲ. ‘ರೆಡ್’ ಎಂದೇ ಹೇಳಬೇಕು. ನೋಡಿರಿ, ಈ ಪದವನ್ನು ಸರಿಯಾಗಿ ಉಚ್ಚರಿಸಬೇಕಾದರೂ ವಾಕ್ಯದ ಅರ್ಥ ಮೊದಲು ತಿಳಿದಿರಬೇಕು.

ನಮಗೆ ಹಳಗನ್ನಡ ಇರುವಂತೆ ಇಂಗ್ಲಿಷರಿಗೂ ಒಂದು ಹಳೆಯ ಇಂಗ್ಲಿಷು ಇದೆ. ಸುಮಾರು 5ನೆಯ ಶತಮಾನದಿಂದ 11ನೆಯ ಶತಮಾನದವರೆಗೆ ಅದು ಬಳಕೆಯಲ್ಲಿತ್ತು. ಅದರಲ್ಲಿ ಈ ಕ್ರಿಯಾಪದದ ರೂಪ ‘ರ‍್ಯಾಡನ್’. ಇದರ ಅರ್ಥಗಳನ್ನು ಕಂಡು ನಮಗೆ ಅಚ್ಚರಿಯಾಯಿತು. ಆಲೋಚನೆ ಹೇಳುವುದು, ಸಮಾಲೋಚಿಸುವುದು, ಊಹಿಸುವುದು, ಒಗಟನ್ನು ಬಿಡಿಸುವುದು. ಇವುಗಳ ಜತೆಗೆ, ಬರೆದದ್ದನ್ನು ಓದುವುದು. ಇದೇ ಬೇರಿನ ‘ರ‍್ಯಾಡ್’ ಎಂಬ ನಾಮಪದಕ್ಕೆ ಬುದ್ಧಿಮಾತು, ಸಲಹೆ ಎಂದರ್ಥ. ಇಂಗ್ಲಿಷಿನ ಅಣ್ಣತಮ್ಮನಾದ ಜರ್ಮನ್ ಭಾಷೆಯಲ್ಲಿ ಇದರ ಒಡಹುಟ್ಟಿದ ಪದ ‘ರಾಟನ್’; ಸಲಹೆ ಕೊಡುವುದು, ಊಹಿಸುವುದು ಎಂಬುದೇ ಇಂದಿಗೂ ಅದರ ಅರ್ಥ. ಅಲ್ಲಿ ಪುರಭವನಕ್ಕೆ ‘ರಾಟ್‌ಹೌಸ್’ ಎನ್ನುತ್ತಾರೆ. ಊರಿನವರು ಕುಳಿತು ಆಲೋಚಿಸುವ ಮನೆ.

ಇನ್ನೂ ಹಿಂದಕ್ಕೆ ಹೋದರೆ, ಸಂಸ್ಕೃತದ ‘ರಾಧ್’ ಎಂಬ ಧಾತುವಿಗೂ ಈ ಪದಕ್ಕೂ ಸಂಬಂಧವುಂಟೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ‘ರಾಧ್’ ಎಂದರೆ ಸಾಧಿಸು, ಸಿದ್ಧಿಯನ್ನು ಪಡೆ. ‘ಆರಾಧನೆ’ಯಲ್ಲಿರುವುದು ಈ ಧಾತುವೇ, ‘ಅಪರಾಧ’ದಲ್ಲಿರುವುದೂ ಇದೇ. ಗುರಿ ತಪ್ಪಿದ್ದು ಅಪರಾಧ. ಮನಸ್ಸಿಟ್ಟು ಮಾಡಿದ ಓದು ಆರಾಧನೆಯ ನೆಂಟ, ಗುರಿ ತಪ್ಪಿದ ಓದು ಅಪರಾಧದ ನೆಂಟ ಎಂದು ನಾವು ವಿನೋದವಾಗಿ ಹೇಳಿದರೆ ಪಂಡಿತರು ಕ್ಷಮಿಸಬೇಕು.

ಈ ಹಳೆಯ ಅರ್ಥವು ಇಂಗ್ಲೆಂಡಿನ ಅರಸರ ಹೆಸರುಗಳಲ್ಲಿ ಹೆಪ್ಪುಗಟ್ಟಿ ಉಳಿದಿದೆ. 871ರಿಂದ 899ರವರೆಗೆ ಆಳಿದ ಆಲ್‌ಫ್ರೆಡ್ ಮಹಾರಾಜನ ಹೆಸರನ್ನು ತಾವು ಇತಿಹಾಸದ ಪಾಠದಲ್ಲಿ ಕೇಳಿದ್ದೀರಿ. ಆ ಹೆಸರಿನ ಕೊನೆಯ ‘ರೆಡ್’ ಈ ‘ರ‍್ಯಾಡ್’ ಪದವೇ. ಮೊದಲನೆಯ ಭಾಗ ‘ಎಲ್ಫ್’, ನಮ್ಮ ಯಕ್ಷರಂತಹ ಅತಿಮಾನುಷ ಜೀವಿ. ಯಕ್ಷರ ಆಲೋಚನೆಯುಳ್ಳವನು ಆಲ್‌ಫ್ರೆಡ್. ಅವನ ಮರಿಮಗನ ಮಗ ಎಥೆಲ್‌ರೆಡ್; ಈ ಹೆಸರಿಗೆ ಶ್ರೇಷ್ಠವಾದ ಆಲೋಚನೆಯೆಂದರ್ಥ. ಆದರೆ ಹೆಸರಿಗೂ ನಡತೆಗೂ ಹೊಂದಿಕೆಯಾಗಲಿಲ್ಲ. 978ರಲ್ಲಿ ಪಟ್ಟಕ್ಕೆ ಬಂದ ಅವನು ಡೇನರ ದಾಳಿಗಳನ್ನು ತಡೆಯಲಾರದೆ, 991ರಲ್ಲಿ ಹತ್ತು ಸಾವಿರ ಪೌಂಡು ಹಣ ತೆತ್ತು ಅವರನ್ನು ಸಮಾಧಾನಪಡಿಸಿದನು. ಹಣದ ರುಚಿ ಕಂಡವರು ಮತ್ತೆ ಮತ್ತೆ ಬಂದರು. ಮುಂದಿನ ಕಾಲದವರು ಅವನಿಗೆ ‘ಅನ್‌ರ‍್ಯಾಡ್’ ಎಂದು ಅಡ್ಡಹೆಸರಿಟ್ಟರು, ಆಲೋಚನೆಗೆಟ್ಟವನು ಎಂದರ್ಥ. ‘ಶ್ರೇಷ್ಠ ಆಲೋಚನೆ’ಗೆ ‘ಕೆಟ್ಟ ಆಲೋಚನೆ’ ಎಂದು ಪ್ರಾಸ ಕೂಡಿಸಿದ ಚಾಟು ಅದು. ಆಮೇಲೆ ಹಳೆಯ ಪದದ ಅರ್ಥ ಮರೆತುಹೋಯಿತು. ಜನರು ಅದನ್ನು ‘ಅನ್‌ರೆಡಿ’ ಎಂದು ಹೇಳತೊಡಗಿ, ‘ಸಿದ್ಧನಾಗಿರದವನು’ ಎಂದು ತಿಳಿದರು. ಇಂದಿಗೂ ಇಂಗ್ಲೆಂಡಿನಲ್ಲಿ ಬಹಳ ಮಂದಿ ಹಾಗೆಯೇ ತಿಳಿದಿದ್ದಾರೆ. ಅಕ್ಷರ ಕಂಡು ಅರ್ಥ ಕಾಣದೆ ಹೋಗುವುದು ನಮ್ಮ ಹುಡುಗನೊಬ್ಬನಿಗೇ ಸಂಭವಿಸಿದ್ದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಸಲಹೆ, ಊಹೆ ಎಂಬ ಅರ್ಥವುಳ್ಳ ಪದವು ಬರಹವನ್ನು ಓದುವುದಕ್ಕೆ ಹೇಗೆ ಸಂದಿತು? ಆ ಜನಾಂಗದ ಹಳೆಯ ಲಿಪಿಗೆ ‘ರೂನ್’ ಎಂದು ಹೆಸರು. ‘ರೂನ್’ ಎಂದರೆ ಗುಟ್ಟು. ಅದನ್ನು ಮರ, ಕಲ್ಲು, ಎಲುಬುಗಳ ಮೇಲೆ ಕೆತ್ತುತ್ತಿದ್ದರು. ಬರೆಯುವುದಕ್ಕೆ ಅವರ ಪದ ‘ವ್ರೀಟನ್’. ಗೀರುವುದು, ಕೆತ್ತುವುದು ಎಂದು ಅದರ ಮೂಲಾರ್ಥ. ಇಂದಿನ ‘ರೈಟ್’ ಎಂಬುದು ಅದೇ ಪದ. ಒಬ್ಬನು ಗುಟ್ಟನ್ನು ಗೀರಿದನು; ಇನ್ನೊಬ್ಬನು ಆ ಗೀರನ್ನು ನೋಡಿ ಗುಟ್ಟನ್ನು ಬಿಡಿಸಿದನು. ಬಿಡಿಸುವ ಕೆಲಸಕ್ಕೆ ‘ರ‍್ಯಾಡನ್’ ಎಂಬ ಪದ ತಾನಾಗಿ ಒದಗಿತು ಎಂಬುದು ವಿದ್ವಾಂಸರ ಅಭಿಪ್ರಾಯ. 597ರಲ್ಲಿ ರೋಮಿನಿಂದ ಪಾದ್ರಿಗಳು ಕೆಂಟ್ ಪ್ರಾಂತಕ್ಕೆ ಬಂದ ತರುವಾಯ ಲ್ಯಾಟಿನ್ ಲಿಪಿಯೂ ಪುಸ್ತಕಗಳೂ ಹರಡಿದವು. ಲಿಪಿ ಬದಲಾಯಿತು, ಪದ ಬದಲಾಗಲಿಲ್ಲ.

ಒಗಟಿಗೆ ಇಂಗ್ಲಿಷಿನಲ್ಲಿ ‘ರಿಡಲ್’ ಎನ್ನುತ್ತಾರೆ. ಅದೂ ‘ರೀಡ್’ ಪದದ ಮಗಳೇ; ‘ರ‍್ಯಾಡೆಲ್ಸ್’ ಎಂಬುದು ಅದರ ಹಳೆಯ ರೂಪ. ಕೊನೆಯ ‘ಸ್’ಕಾರವನ್ನು ಬಹುವಚನವೆಂದು ಭ್ರಮಿಸಿ ಜನರು ಬಿಟ್ಟುಬಿಟ್ಟರು. ಎಕ್ಸೆಟರ್ ಎಂಬ ಊರಿನ ಮುಖ್ಯ ಇಗರ್ಜಿಯಲ್ಲಿ 10ನೆಯ ಶತಮಾನದ ಒಂದು ಹಸ್ತಪ್ರತಿ ಇದೆ. ಅದರಲ್ಲಿ 90ಕ್ಕೂ ಹೆಚ್ಚು ಒಗಟುಗಳಿವೆ. ಅವುಗಳಲ್ಲಿ ಒಂದರ ವಿಷಯವನ್ನು ಮಕ್ಕಳಿಗಾಗಿ ಹೇಳುತ್ತೇವೆ. ಒಂದು ಪ್ರಾಣಿ ಮಹಾತ್ಮನೊಬ್ಬನ ಮಾತುಗಳನ್ನು ತಿಂದಿತು. ಕತ್ತಲಲ್ಲಿ ಬಂದ ಕಳ್ಳನಂತೆ ಮಾತನ್ನೂ ಅದು ನಿಂತ ನೆಲೆಯನ್ನೂ ನುಂಗಿತು. ಅಷ್ಟೆಲ್ಲ ನುಂಗಿದರೂ ಅದಕ್ಕೆ ಎಳ್ಳಷ್ಟೂ ಬುದ್ಧಿ ಹೆಚ್ಚಲಿಲ್ಲ. ಯಾವುದು ಆ ಪ್ರಾಣಿ?

ಹಿಂದಿನ ಸಾಲಿನ ಹುಡುಗಿ ಸರಿಯಾಗಿಯೇ ಹೇಳಿದಳು: ಪುಸ್ತಕದ ಹುಳು. ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಕಳೆದ ಮಳೆಗಾಲ ಗೆದ್ದಲು ಹತ್ತಿದ್ದು ತಮಗೆ ನೆನಪಿರಬಹುದು. ಎರಡು ನಿಘಂಟುಗಳನ್ನೂ ಒಂದು ಭಾರತವನ್ನೂ ಅದು ಪೂರ್ತಿಯಾಗಿ ಜೀರ್ಣಿಸಿಕೊಂಡಿತು. ಆದರೂ ಅದು ಗೆದ್ದಲಾಗಿಯೇ ಉಳಿಯಿತು. ಪರೀಕ್ಷೆಯ ಹಿಂದಿನ ರಾತ್ರಿ ಪ್ರಶ್ನೋತ್ತರಗಳನ್ನು ನುಂಗುವ ವಿದ್ಯಾರ್ಥಿಗಳು ಸಾವಿರ ವರ್ಷದ ಹಿಂದಿನ ಈ ಒಗಟನ್ನು ನೆನೆಯತಕ್ಕದ್ದು.

ಮತ್ತೆ ಆಲ್‌ಫ್ರೆಡ್ ಅರಸನ ಕಡೆಗೆ ಬರೋಣ. ಅವನ ಕಾಲದಲ್ಲಿಯೇ ಬದುಕಿದ್ದ ಆಸರ್ ಎಂಬ ಪಾದ್ರಿ 893ರಲ್ಲಿ ಅವನ ಚರಿತ್ರೆಯನ್ನು ಬರೆದಿದ್ದಾನೆ. ಅದರಲ್ಲಿ ಒಂದು ಕಥೆಯಿದೆ. ತಾಯಿಯು ಮಕ್ಕಳಿಗೆ ಇಂಗ್ಲಿಷ್ ಪದ್ಯಗಳ ಒಂದು ಪುಸ್ತಕವನ್ನು ತೋರಿಸಿ, ಯಾರು ಬೇಗನೆ ಕಲಿಯುವರೋ ಅವರಿಗೆ ಇದು ಎಂದಳು. ಮೊದಲ ಅಕ್ಷರದ ಚಿತ್ರಾಲಂಕಾರಕ್ಕೆ ಮನಸೋತ ಬಾಲಕ ಆಲ್‌ಫ್ರೆಡ್ ಅದನ್ನು ಗುರುವಿನ ಬಳಿಗೆ ಒಯ್ದು, ಕಲಿತು, ತಾಯಿಯ ಮುಂದೆ ಒಪ್ಪಿಸಿ, ಪುಸ್ತಕವನ್ನು ಗೆದ್ದನು. ಆದರೆ ಹನ್ನೆರಡು ವರ್ಷವಾದರೂ ಅವನಿಗೆ ಅಕ್ಷರ ಬರುತ್ತಿರಲಿಲ್ಲವೆಂದು ಅದೇ ಆಸರ್ ಬರೆಯುತ್ತಾನೆ. ಎಂದರೆ ಬಹುಮಾನ ದೊರೆತದ್ದು ಕಂಠಪಾಠಕ್ಕೆ. ನಮ್ಮ ಹುಡುಗನಿಗೂ ಹಾಗೆಯೇ ಆಯಿತಲ್ಲವೆ? ಆಲ್‌ಫ್ರೆಡನು ಲ್ಯಾಟಿನ್ ಗ್ರಂಥಗಳನ್ನು ತಾನೇ ಓದಿ ಅರ್ಥ ಬಿಡಿಸಲು ತೊಡಗಿದ್ದು 887ರಲ್ಲಿ. ಆಗ ಅವನ ವಯಸ್ಸು ಸುಮಾರು ನಲವತ್ತು. ‘ನಮಗೆ ವಯಸ್ಸಾಯಿತು ಮಾಷ್ಟ್ರೇ’ ಎನ್ನುವ ಪೋಷಕರು ಇದನ್ನು ಗಮನಿಸಬೇಕು.

ಆ ಅರಸನು ಪೋಪ್ ಗ್ರೆಗರಿಯ ಗ್ರಂಥವೊಂದನ್ನು ಇಂಗ್ಲಿಷಿಗೆ ತಂದು ಬಿಷಪ್ಪರಿಗೆ ಕಳುಹಿಸಿದನು. ಅದರ ಮುನ್ನುಡಿಯಲ್ಲಿ ತನ್ನ ನಾಡಿನ ಸ್ಥಿತಿಗಾಗಿ ಮರುಗಿದ್ದಾನೆ. ನಿತ್ಯದ ಪ್ರಾರ್ಥನೆಗಳ ಅರ್ಥವನ್ನು ತಿಳಿದವರು, ಲ್ಯಾಟಿನಿನ ಒಂದು ಕಾಗದವನ್ನು ಇಂಗ್ಲಿಷಿನಲ್ಲಿ ಹೇಳಬಲ್ಲವರು ತೀರ ವಿರಳರಾಗಿದ್ದಾರೆ ಎಂಬುದೇ ಅವನ ಕೊರಗು. ಅದಕ್ಕೆ ಅವನು ಸೂಚಿಸಿದ ಪರಿಹಾರವೇನು? ಅನುಕೂಲವುಳ್ಳ ಸ್ವತಂತ್ರ ಕುಟುಂಬಗಳ ಮಕ್ಕಳೆಲ್ಲರೂ ಮೊದಲು ತಮ್ಮ ನುಡಿಯಾದ ಇಂಗ್ಲಿಷಿನ ಬರಹವನ್ನು ಚೆನ್ನಾಗಿ ಓದಲು ಕಲಿಯಬೇಕು. ಮುಂದೆ ಹೋಗಬೇಕಾದವರು ತರುವಾಯ ಲ್ಯಾಟಿನನ್ನು ಕಲಿಯಲಿ. ಇಂದು ಲೋಕವನ್ನೆಲ್ಲ ವ್ಯಾಪಿಸಿರುವ ಇಂಗ್ಲಿಷು ಒಂದು ಕಾಲದಲ್ಲಿ ತನ್ನ ನಾಡಿನಲ್ಲಿಯೇ ಹಿರಿಯ ಭಾಷೆಯೊಂದರ ನೆರಳಿನಲ್ಲಿ ನಿಂತು, ‘ಮೊದಲು ತಾಯ್ನುಡಿ, ಆಮೇಲೆ ಇನ್ನೊಂದು’ ಎಂದು ಕೇಳಿಕೊಳ್ಳಬೇಕಾಯಿತು ಎಂಬುದನ್ನು ಕನ್ನಡ ಶಾಲೆಯವರಾದ ನಾವು ಮರೆಯಲಾಗದು. ನಮ್ಮ ‘ಕವಿರಾಜಮಾರ್ಗ’ವೂ ಆ ಶತಮಾನದ್ದೇ. ವಿಶೇಷವಾಗಿ ಓದದೆಯೇ ಕಾವ್ಯದಲ್ಲಿ ಪರಿಣತರಾದ ಜನರೆಂದು ಅದು ಕನ್ನಡಿಗರನ್ನು ಹೊಗಳಿತು. ಹೊಗಳಿಕೆ ಸಂತೋಷವೇ, ಆದರೆ ಅದನ್ನು ನೆಮ್ಮಿ ಓದನ್ನು ಬಿಡತಕ್ಕದ್ದಲ್ಲ.

ಆಸರನು ತನ್ನ ಗ್ರಂಥದ ಕೊನೆಯಲ್ಲಿ ಹೇಳುವ ಸಂಗತಿ ನಮ್ಮ ಮನಸ್ಸನ್ನು ಬಹಳವಾಗಿ ತಟ್ಟಿತು. ಓದು ಬಾರದ ನ್ಯಾಯಾಧಿಕಾರಿಗಳು ಓದಲು ಕಲಿಯಬೇಕು, ಇಲ್ಲವೆ ಅಧಿಕಾರವನ್ನು ಬಿಡಬೇಕು ಎಂದು ಅರಸನು ಆಜ್ಞಾಪಿಸಿದನಂತೆ. ವಯಸ್ಸಿನಿಂದಲೋ ಮಂದಬುದ್ಧಿಯಿಂದಲೋ ಕಲಿಯಲಾರದವರಿಗೆ ಅವರ ಮಗನು, ಮಗನಿಲ್ಲದಿದ್ದರೆ ಬೇರೊಬ್ಬ ಬಂಧುವು, ಹಗಲಿರುಳೂ ಓದಿ ಹೇಳಬೇಕು. ಮಗನು ಓದುವುದು, ತಂದೆ ಕೇಳುವುದು! ನಮ್ಮೂರಿನ ಜಗಲಿಯ ಮೇಲೆ ನಡೆದದ್ದೂ ಇದೇ. ಮಗನ ಓದನ್ನು ನಂಬಿ ಅಲ್ಲಿ ತಂದೆ ತೀರ್ಪು ಕೊಡಬೇಕಾಗಿತ್ತು. ಇಲ್ಲಿ ತಂದೆ ತೋಟವನ್ನು ಕಾಪಾಡಿಕೊಳ್ಳಬೇಕಾಗಿತ್ತು.

ಇನ್ನು ಬೇರೆ ಭಾಷೆಗಳು ಈ ಕೆಲಸವನ್ನು ಹೇಗೆ ಕಂಡಿವೆ ಎಂಬುದನ್ನು ಸಂಕ್ಷೇಪವಾಗಿ ನೋಡೋಣ. ಲ್ಯಾಟಿನಿನಲ್ಲಿ ಓದುವುದಕ್ಕೆ ‘ಲೆಗೆರೆ’ ಎನ್ನುತ್ತಾರೆ. ಆಯುವುದು, ಒಟ್ಟುಗೂಡಿಸುವುದು ಎಂಬುದು ಅದರ ಮೊದಲ ಅರ್ಥ. ನಮಗೆ ಪರಿಚಿತವಾದ ‘ಲೆಸನ್’, ‘ಲೆಕ್ಚರ್’ ಎಂಬ ಓದಿನ ಪದಗಳೂ, ‘ಇಲೆಕ್ಷನ್’, ‘ಕಲೆಕ್ಷನ್’ ಎಂಬ ಆಯ್ಕೆಯ ಪದಗಳೂ ಈ ಒಂದೇ ಬೇರಿನವು. ಜರ್ಮನರು ಓದುವುದಕ್ಕೆ ಬಳಸುವ ‘ಲೇಸನ್’ ಎಂಬ ಪದಕ್ಕೂ ಆಯುವುದೆಂಬ ಅರ್ಥವುಂಟು. ದ್ರಾಕ್ಷಿಯ ಕೊಯ್ಲಿಗೆ ಅವರು ಹೇಳುವುದು ‘ವೈನ್‌ಲೇಸೆ’. ಬಿದ್ದ ಅಡಿಕೆಯನ್ನು ಹೆಕ್ಕುವಂತೆ ಅಕ್ಷರಗಳನ್ನು ಹೆಕ್ಕಿ ಕೂಡಿಸುವುದು ಅವರ ಓದು.

ನಮ್ಮ ಕನ್ನಡದ ‘ಓದು’ ಹುಟ್ಟಿದ್ದು ದನಿಯಲ್ಲಿ. ಗಟ್ಟಿಯಾಗಿ ಉಚ್ಚರಿಸುವುದು, ಪಠಿಸುವುದು ಎಂಬುದೇ ಅದರ ಹಳೆಯ ಅರ್ಥ. ತಮಿಳಿನಲ್ಲಿ ಶಿವಾಲಯಗಳಲ್ಲಿ ತೇವಾರ ಪದ್ಯಗಳನ್ನು ಹಾಡುವವರಿಗೆ ‘ಓದುವಾರ್’ ಎನ್ನುತ್ತಾರೆ. ಮಲೆಯಾಳದ ‘ಓತ್ತು’ ಎಂದರೆ ವೇದಪಠನ. ಮುಸಲ್ಮಾನ ಮಕ್ಕಳು ಕುರಾನ್ ಪಠಿಸಲು ಕಲಿಯುವ ‘ಓತ್ತುಪಳ್ಳಿ’ ನಮ್ಮ ಊರುಗಳಲ್ಲಿಯೂ ಪರಿಚಿತವಾದದ್ದೇ. ಕನ್ನಡ ನಾಡಿನ ಕೆಲವು ಕಡೆ ಮದುವೆಯ ಚಪ್ಪರದಲ್ಲಿ ಉಡುಗೊರೆಯನ್ನು ‘ಓದಿಸುವ’ ರೂಢಿಯಿದೆ. ಅಲ್ಲಿ ಪುಸ್ತಕವಿಲ್ಲ, ಕೂಗಿ ಹೇಳುವ ದನಿಯಿದೆ. ಮಲೆಯಾಳದ ‘ವಾಯಿಕ್ಕುಕ’, ಮರಾಠಿಯ ‘ವಾಚಣೆ’ ಎಂಬ ಪದಗಳೂ ಸಂಸ್ಕೃತದ ‘ವಾಚ್’, ಎಂದರೆ ಮಾತು, ಎಂಬುದರಿಂದಲೇ ಬಂದವು.

ಹೀಗೆ ಒಂದು ಜನಾಂಗ ಓದನ್ನು ದನಿಯೆಂದು ಕಂಡಿತು. ಒಂದು ಆಯುವಿಕೆಯೆಂದು ಕಂಡಿತು. ಒಂದು ಆಲೋಚನೆಯೆಂದು ಕಂಡಿತು. ಇವುಗಳಲ್ಲಿ ಯಾವುದು ಮೇಲು ಎಂದು ಜಗಳವಾಡುವ ಅಗತ್ಯವಿಲ್ಲ. ಮೂರೂ ಕೂಡಿದರೆ ಮಾತ್ರ ಓದು ಪೂರ್ಣವಾಗುತ್ತದೆ. ನಮ್ಮ ಹುಡುಗನಲ್ಲಿ ದನಿಯಿತ್ತು, ಉಳಿದೆರಡು ಇರಲಿಲ್ಲ. ನಾವು ಬಹುಮಾನ ಕೊಟ್ಟದ್ದು ಮೂರನೆಯ ಒಂದು ಪಾಲಿಗೆ.

ಈ ಮಾತು ನಮ್ಮ ನಾಡಿಗೆ ಹೊಸದೂ ಅಲ್ಲ. ತಾಳಮದ್ದಳೆಯಲ್ಲಿ ಭಾಗವತರು ಪದ ಹಾಡಿದೊಡನೆ ಸಭೆ ಎದ್ದು ಹೋಗುವುದಿಲ್ಲ; ಅರ್ಥಧಾರಿಯ ಕಡೆಗೆ ತಿರುಗುತ್ತದೆ. ಪುರಾಣವಾಚನದಲ್ಲಿ ಒಬ್ಬರು ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಹೇಳದೆ ಪ್ರಸಂಗ ಮುಂದೆ ಸಾಗದು. ಕುಂಬಳೆ ಸೀಮೆಯ ಮಕ್ಕಳು ತಮ್ಮ ಅಜ್ಜಂದಿರ ಮಡಿಲಲ್ಲಿ ಕುಳಿತು ಕಲಿತ ಈ ನೀತಿಯನ್ನು ಇಂಗ್ಲಿಷಿನ ಗಂಟೆಯಲ್ಲಿ ಮರೆತದ್ದು ಹೇಗೆ? ಮರೆಯಿಸಿದವರು ಅಧ್ಯಾಪಕರಾದ ನಾವು. ಆದುದರಿಂದ ಅಂದಿನಿಂದ ನಮ್ಮ ವಾಚನ ಸ್ಪರ್ಧೆಯ ನಿಯಮವನ್ನು ಬದಲಾಯಿಸಿದ್ದೇವೆ. ಓದಿದ ಭಾಗದ ತಾತ್ಪರ್ಯವನ್ನು ಸ್ಪರ್ಧಿಯು ತನ್ನ ಮಾತಿನಲ್ಲಿ ಕನ್ನಡದಲ್ಲಿ ಹೇಳಬೇಕು. ಅರ್ಧದಷ್ಟು ಅಂಕಗಳು ಅದಕ್ಕೇ ಮೀಸಲು. ಮೊದಲ ವರ್ಷ ಬಹುಮಾನ ಕೊಡುವುದೇ ಕಷ್ಟವಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ‘ನಮಗೆ ಇಂಗ್ಲಿಷು ಬಾರದು, ಮಗುವಿನ ಓದನ್ನು ಪರೀಕ್ಷಿಸುವುದು ಹೇಗೆ?’ ಎಂದು ತಾವು ಕೇಳುತ್ತೀರಿ. ತಾವು ಇಂಗ್ಲಿಷು ಕಲಿಯಬೇಕಾಗಿಲ್ಲ. ಮಗುವು ಯಾವ ಭಾಷೆಯಲ್ಲಿಯೇ ಓದಲಿ, ಓದಿ ಮುಗಿಸಿದ ಮೇಲೆ ತಮ್ಮ ಮನೆಯ ಮಾತಿನಲ್ಲಿ ಮೂರು ಪ್ರಶ್ನೆಗಳನ್ನು ಕೇಳಿರಿ. ಇದನ್ನು ಹೇಳುವವರು ಯಾರು? ಏನು ಹೇಳುತ್ತಿದ್ದಾರೆ? ನಾವೇನು ಮಾಡಬೇಕು, ಯಾವಾಗಿನೊಳಗೆ? ಮಗು ತಡವರಿಸಿದರೆ ಬೈಯಬೇಡಿರಿ. ‘ಗೊತ್ತಿಲ್ಲ’ ಎಂದು ಹೇಳಿದರೆ ಬೆನ್ನು ತಟ್ಟಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಕಾಣುವುದೂ ಓದಿನ ಒಂದು ಭಾಗ. ಅಂತಹ ಕಾಗದವನ್ನು ಶಾಲೆಗೆ ತಂದರೆ ಎಷ್ಟು ಹೊತ್ತಿಗಾದರೂ ನಾವು ನೋಡಿಕೊಡುತ್ತೇವೆ.

ವಿದ್ಯಾರ್ಥಿಗಳೆ, ಅಕ್ಷರಕ್ಕೆ ದನಿ ಕೊಡುವ ಕೆಲಸವನ್ನು ಇಂದು ಜೇಬಿನ ಫೋನು ಕೂಡ ಮಾಡುತ್ತದೆ, ಅನುವಾದವನ್ನೂ ಒದಗಿಸುತ್ತದೆ. ಸಹಾಯವನ್ನು ಬೇಡವೆನ್ನಬೇಕಾಗಿಲ್ಲ. ಆದರೆ ಅಪ್ಪನ ತೋಟದ ಗಡುವು ಎಂದು ಮುಗಿಯುತ್ತದೆ, ನಾಳೆ ಬೆಳಿಗ್ಗೆ ಯಾರು ಯಾವ ಬಸ್ಸು ಹಿಡಿಯಬೇಕು ಎಂದು ಆಲೋಚಿಸಿ ಎದ್ದು ಹೊರಡುವವರು ನೀವೇ. ಹಳೆಯ ಇಂಗ್ಲಿಷಿನವರು ‘ರ‍್ಯಾಡನ್’ ಎಂದದ್ದು ಆ ಆಲೋಚನೆಯನ್ನು. ಇನ್ನು ಮುಂದೆ ‘ರೀಡ್’ ಎಂಬ ನಾಲ್ಕು ಅಕ್ಷರಗಳನ್ನು ಕಂಡಾಗ ‘ಓದು’ ಎಂದು ಬರೆಯಿರಿ, ಅಂಕ ಸಿಗುತ್ತದೆ. ‘ಅರ್ಥ ಬಿಡಿಸು, ಆಲೋಚಿಸು’ ಎಂದೂ ಮನಸ್ಸಿನಲ್ಲಿ ಬರೆದುಕೊ‍ಳ್ಳಿರಿ.

ಆ ಹುಡುಗನ ವಿಷಯವನ್ನು ಹೇಳಿ ಮುಗಿಸುತ್ತೇವೆ. ಅವನು ಈಗ ತನ್ನ ಊರಿನ ಹತ್ತಾರು ಮನೆಗಳ ಕಾಗದಗಳನ್ನು ಓದಿ ಹೇಳುತ್ತಾನೆ. ವರ್ಷದಲ್ಲಿ ಮೂರು ನಾಲ್ಕು ಸಲ ಸಂಜೆಯ ಹೊತ್ತು ಕಾಗದವೊಂದನ್ನು ಹಿಡಿದು ನಮ್ಮಲ್ಲಿಗೂ ಬರುತ್ತಾನೆ. ಒಂದು ಪದದ ಕೆಳಗೆ ಪೆನ್ಸಿಲಿನ ಗೆರೆ ಎಳೆದಿರುತ್ತಾನೆ. “ಇದೊಂದು ಸರಿಯಾಗಿ ಗೊತ್ತಾಗಲಿಲ್ಲ ಮಾಷ್ಟ್ರೇ” ಎನ್ನುತ್ತಾನೆ. ನಾವು ಕೊಟ್ಟ ಹಳೆಯ ಪ್ರಶಸ್ತಿಪತ್ರಕ್ಕಿಂತ ಆ ಪೆನ್ಸಿಲಿನ ಗೆರೆಯ ಮೇಲೆ ನಮಗೆ ಹೆಚ್ಚಿನ ಗೌರವ.